ಜರುಗಿದ ಹೊಗೆ

“ಹೊಗೆ ಸ್ವಲ್ಪ ತಡವಾಗಿ ಬರಬೇಕಂತೆ ಕಣೆ” ಎಂದು ಬಾಗಿಲಲ್ಲೇ ನಿಂತು ಹೇಳಿ ಮಲ್ಲಿಕ್ ಹೊರಟುಬಿಟ್ಟ. ಯಾರು ಹೇಳಿದರು, ಯಾಕೆ ಎಂದು ತ್ರಿವೇಣಿ ಕೇಳುವಷ್ಟರಲ್ಲಿ ಗಂಡನ ಬೈಕು ಪಾವಗಡ ರಸ್ತೆಯ ತಿರುವು ದಾಟಿತ್ತು. ಅವಳು ಕುರ್ಚಿಯಲ್ಲಿ ಹಾಗೇ ಕುಳಿತಳು. ಎದುರಿನ ಪರದೆಯ ಮೇಲೆ ಹೊಗೆ ನಿಂತಿತ್ತು, ಅವಳೇ ನಿಲ್ಲಿಸಿದ್ದಳು. ಗೋದಾಮಿನ ತಗಡಿನ ಚಾವಣಿಗೆ ಬಡಿದು, ಮಗುಚಿಕೊಂಡು, ಇನ್ನೇನು ಕೆಳಗಿಳಿಯಬೇಕೆಂದು ಬಾಗಿದ ಹೊಗೆ. ಕೆಳಗೆ ಗೋಣಿಚೀಲಗಳ ನಡುವೆ ಬೂದು ಬಣ್ಣದ ಒಂದು ಹೆಣ್ಣು ಗೊಂಬೆ. ಅದಕ್ಕೆ ಮುಖವಿರಲಿಲ್ಲ. ಮುಖ ಮಾಡಬೇಡಮ್ಮ, ನೋಡಿದವರಿಗೆ ಕರುಳು ಚುರ್ರೆನ್ನುತ್ತೆ ಎಂದು ವಕೀಲರೇ ಹೇಳಿದ್ದರು. ಸೆರಗು ಬೇಡವೆಂದು ಯಾರೂ ಹೇಳಿರಲಿಲ್ಲವಾದ್ದರಿಂದ ಅವಳು ಸೆರಗು ಮಾಡಿದ್ದಳು. ಹೊಗೆ ತಲೆಯ ಮಟ್ಟಕ್ಕೆ ಇಳಿದಾಗ ಗೊಂಬೆಯ ಬಲಗೈ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಳ್ಳುತ್ತಿತ್ತು, ಆಮೇಲೆ ಗೊಂಬೆ ಕುಸಿದು ಕುಳಿತು ಕೆಮ್ಮುತ್ತಿತ್ತು, ಭುಜಗಳು ಅಲುಗುತ್ತಿದ್ದವು. ಆ ಚಲನೆ ಸರಿಯಾಗಿ ಬರಲೆಂದು ಅವಳು ಸ್ಟುಡಿಯೋದ ಬಾಗಿಲು ಮುಂದೆ ಮಾಡಿ, ತನ್ನ ಸೆರಗನ್ನೇ ಬಾಯಿಗೆ ಒತ್ತಿಕೊಂಡು ಕನ್ನಡಿಯ ಮುಂದೆ ಮತ್ತೆ ಮತ್ತೆ ಕೆಮ್ಮಿದ್ದಳು. ಈಗ ಅದನ್ನು ನೆನೆದರೆ ಕತ್ತಿನ ಹಿಂದೆ ನಾಚಿಕೆಯಂಥ ಬಿಸಿಯೊಂದು ಹತ್ತುತ್ತಿತ್ತು.

ಮದುವೆಗೆ ಮುಂಚೆ ದಾವಣಗೆರೆಯಲ್ಲಿ ಕಲಿತ ವಿದ್ಯೆ ಇದು. ಚಳ್ಳಕೆರೆಗೆ ಸೊಸೆಯಾಗಿ ಬಂದ ಮೇಲೆ ಅದು ಮದುವೆ ವಿಡಿಯೋಗಳಲ್ಲಿ ಗುಲಾಬಿ ದಳ ಉದುರಿಸುವುದಕ್ಕೆ, ವಧೂವರರ ಹೆಸರನ್ನು ಚಿನ್ನದ ಅಕ್ಷರದಲ್ಲಿ ಗಿರ್ರನೆ ತಿರುಗಿಸುವುದಕ್ಕೆ ಸಾಕಾಗಿತ್ತು. ಮಲ್ಲಿಕ್ ಶೂಟಿಂಗಿಗೆ ಹೋಗುತ್ತಿದ್ದ, ಅವಳು ಕಂಪ್ಯೂಟರಿನ ಮುಂದೆ ಕೂರುತ್ತಿದ್ದಳು. ಸ್ಟುಡಿಯೋ ಇರುವ ಮಳಿಗೆ ಮಲ್ಲಿಕ್‌ನ ದೊಡ್ಡಪ್ಪ ಶಿವಮೂರ್ತಪ್ಪನವರದು. ಊರಾಚೆಯ ಎಣ್ಣೆಮಿಲ್ಲೂ ಅವರದೇ. ಆ ಬೇಸಿಗೆಯ ಒಂದು ಮಧ್ಯಾಹ್ನ ಮಿಲ್ಲಿನ ಶೇಂಗಾಹಿಂಡಿಯ ಗೋದಾಮಿಗೆ ಬೆಂಕಿ ಬಿತ್ತು. ಒಳಗೆ ಚೀಲ ಹೊಲಿಯುತ್ತಿದ್ದ ರೇಣುಕಮ್ಮ ಎಂಬ ಮೊಳಕಾಲ್ಮೂರಿನ ಹೆಂಗಸು ಹೊಗೆಯಲ್ಲಿ ಸತ್ತಳು. ತನಿಖೆಗೆ ಚಿತ್ರದುರ್ಗದಿಂದ ಅಧಿಕಾರಿಯೊಬ್ಬರು ಬರುವವರಿದ್ದರು. ಹೊರದೇಶದ ಕೋರ್ಟುಗಳಲ್ಲಿ ಇಂಥದನ್ನೆಲ್ಲ ಕಂಪ್ಯೂಟರಿನಲ್ಲಿ ಚಿತ್ರ ಮಾಡಿ ತೋರಿಸುತ್ತಾರಂತೆ ಎಂದು ವಕೀಲ ಜಂಬುಲಿಂಗಪ್ಪನವರು ಎಲ್ಲೋ ಓದಿದ್ದರು. “ಅದಕ್ಕೇನು, ನಮ್ಮನೆ ಸೊಸೇಗೇ ಬರುತ್ತಲ್ಲ” ಎಂದರಂತೆ ಶಿವಮೂರ್ತಪ್ಪ. ಆ ಮಾತನ್ನು ಮಲ್ಲಿಕ್ ಮನೆಗೆ ತಂದು ಹೇಳಿದಾಗ ತ್ರಿವೇಣಿಗೆ ಆದದ್ದು ಸಂತೋಷವೇ. ಅದನ್ನು ಅವಳು ಈಗ ಒಪ್ಪಿಕೊಳ್ಳಬೇಕಾಗಿತ್ತು. ಒಬ್ಬಳು ಸತ್ತಿದ್ದಳು, ತನಗೆ ಸಂತೋಷವಾಗಿತ್ತು.

ಗುಲಾಬಿ ದಳವನ್ನು ಕೈಯಿಂದ ಉದುರಿಸಿದಂತೆ ಹೊಗೆಯನ್ನು ಕೈಯಿಂದ ಮಾಡಲಾಗುವುದಿಲ್ಲ. ಗೋದಾಮಿನ ಒಳಗಿನ ಗಾಳಿಯನ್ನೆಲ್ಲ ಕಡ್ಡಿಪೆಟ್ಟಿಗೆಯಂಥ ಪುಟ್ಟ ಪುಟ್ಟ ಮನೆಗಳಾಗಿ ಕತ್ತರಿಸಿ, ಒಂದೊಂದು ಮನೆಯಲ್ಲಿ ಎಷ್ಟು ಕಾವು, ಎಷ್ಟು ಮಸಿ, ಪಕ್ಕದ ಮನೆಗೆ ಎಷ್ಟು ದಾಟುತ್ತದೆ ಎಂದು ಯಂತ್ರವೇ ಲೆಕ್ಕ ಹಾಕಬೇಕು. ಅದು ಹಾಗೆ ಲೆಕ್ಕ ಹಾಕುತ್ತಿದ್ದಾಗ ಕರೆಂಟು ಹೋಗದಿರಲೆಂದು ಅವಳು ಬಾಡಿಗೆ ಜನರೇಟರ್ ಇಡಿಸಿದ್ದಳು. ಮುಗಿದ ಮೇಲೆ ಮೊದಲ ಸಲ ಓಡಿಸಿ ನೋಡಿದಾಗ ಆ ಹೊಗೆ ಎಷ್ಟು ಚೆನ್ನಾಗಿತ್ತೆಂದರೆ “ಇಲ್ಲಿ ಬರ್ರೀ, ನೋಡ್ರೀ” ಎಂದು ಮಲ್ಲಿಕ್‌ನನ್ನು ಕೂಗಿ ಕರೆದಿದ್ದಳು. ಅದು ಜೀವವಿರುವಂತೆ ಮೂಲೆಗಳನ್ನು ಹುಡುಕಿಕೊಂಡು ಹೋಗುತ್ತಿತ್ತು. ಅವತ್ತೇ ಸಂಜೆ ಚಿಕ್ಕಕ್ಕ ಬಂದಿದ್ದಳು, ರೇಣುಕಮ್ಮನ ಜೊತೆ ಕೆಲಸ ಮಾಡುತ್ತಿದ್ದವಳು, ನೀರು ಕುಡಿಯಲು ಹೊರಗೆ ಬಂದು ಬದುಕಿದವಳು. ಯಾವುದು ಮೊದಲು, ಯಾವುದು ಆಮೇಲೆ ಎಂದು ಅವಳನ್ನು ಕೇಳಿಯೇ ತ್ರಿವೇಣಿ ಎಲ್ಲವನ್ನೂ ಜೋಡಿಸಿದ್ದಳು. ಮೊದಲು ಹೊಗೆ. ಆಮೇಲೆ ಒಳಗಿಂದ ಬಾಗಿಲು ಬಡಿದ ಸದ್ದು, ಚಿತ್ರಕ್ಕೆ ಅವಳು ಹಾಕದೆ ಬಿಟ್ಟದ್ದು ಅದೊಂದೇ. ಆಮೇಲೆ ಗಂಟೆ. ಗಂಟೆ ಹೊಡೆದ ಮೇಲೆ ಕಾವಲಿನವನು ಬಂದು ಹೊರಗಿನ ಚಿಲಕ ತೆಗೆದದ್ದು. “ಹೊರಗಡೆಯಿಂದ ಚಿಲಕ ಯಾಕೆ?” ಎಂದು ತ್ರಿವೇಣಿ ಕೇಳಿದ್ದಳು. “ಹೆಣ್ಣಾಳುಗಳು ಮಡ್ಲಾಗೆ ಶೇಂಗಾ ಕಟ್ಕಂಡು ಹೋಗ್ತಾರೆ ಅಂತ, ಒಳಕ್ಕೆ ಬಿಟ್ಟು ಹಾಕ್ತಾರೆ ಕಣಮ್ಮ. ದಿನಾ ಹಾಕ್ತಾರೆ. ನೀರಿಗೆ ಅಂತ ಕೇಳಿದ್ರೆ ಒಬ್ಬೊಬ್ರನ್ನ ಬಿಟ್ಟು ಮತ್ತೆ ಹಾಕ್ತಾರೆ” ಎಂದು ಚಿಕ್ಕಕ್ಕ ಸಾಮಾನ್ಯ ಸಂಗತಿಯೆಂಬಂತೆ ಹೇಳಿದ್ದಳು. ಚಿತ್ರ ಓಡಿಸಿ ತೋರಿಸಿದಾಗ “ಹೂಂ, ಹಿಂಗೇ” ಎಂದವಳು ಎದ್ದು ಹೊರಗೆ ಓಡಿ ಮೋರಿಯ ಹತ್ತಿರ ಕೂತು ವಾಂತಿ ಮಾಡಿಕೊಂಡಳು. ತ್ರಿವೇಣಿ ನೀರು ಕೊಟ್ಟಳು. ಕೊಡುವಾಗ, ಅಷ್ಟು ನಿಜವಾಗಿದೆಯೇ ನನ್ನ ಹೊಗೆ, ಎಂದುಕೊಂಡಳು.

ಮಲ್ಲಿಕ್ ಬಾಗಿಲಲ್ಲೇ ಹೇಳಿಹೋದ ಆ ದಿನ ಮಧ್ಯಾಹ್ನದ ಊಟಕ್ಕೆ ಶಿವಮೂರ್ತಪ್ಪನವರ ದೊಡ್ಡಮನೆಗೆ ಬರಬೇಕೆಂದು ಕರೆ ಬಂತು. ಜಂಬುಲಿಂಗಪ್ಪನವರೂ ಅಲ್ಲೇ ಇದ್ದರು, ಮಜ್ಜಿಗೆ ಕುಡಿಯುತ್ತಿದ್ದರು. ಶಿವಮೂರ್ತಪ್ಪ ಹಣೆಯ ವಿಭೂತಿ ಬೆವರಿಗೆ ಕರಗದಂತೆ ಟವೆಲಿನಿಂದ ಕೆನ್ನೆಗಳನ್ನು ಮಾತ್ರ ಒತ್ತಿಕೊಂಡು, “ಏನವ್ವಾ, ಹೊಗೆ ಹಿಂದೆ ಮುಂದೆ ಮಾಡಾಕೆ ಆಗುತ್ತೋ ಇಲ್ವೋ?” ಎಂದರು. ಅವರ ದನಿಯಲ್ಲಿ ಗದರಿಕೆ ಇರಲಿಲ್ಲ. ಎಂದೂ ಇರುತ್ತಿರಲಿಲ್ಲ.

“ಮತ್ತೆ ಮೊದ್ಲಿಂದ ಲೆಕ್ಕ ಹಾಕಿಸ್ಬೇಕಾಗುತ್ತೆ ಮಾವ” ಎಂದಳು ತ್ರಿವೇಣಿ. ಅದು ಸುಳ್ಳು. ಸುಳ್ಳು ತನ್ನ ಬಾಯಿಗೆ ತಾನಾಗಿ ಬಂದದ್ದು ಕಂಡು ಅವಳಿಗೇ ಆಶ್ಚರ್ಯವಾಯಿತು.

“ಇಲ್ಲ ದೊಡ್ಡಪ್ಪ, ಹೊಗೆ ಒಂದ್ಸಲ ಲೆಕ್ಕ ಆದ್ಮೇಲೆ ಕ್ಯಾಶ್ ಅಂತ ಮಾಡಿ ಇಟ್ಟಿರ್ತಾಳೆ” ಎಂದ ಮಲ್ಲಿಕ್, ಹೆಂಡತಿಯ ಜಾಣತನವನ್ನು ಮೆರೆಸುವ ಹುರುಪಿನಲ್ಲಿ.

“ಕ್ಯಾಶ್ ಅಂದ್ರೆ? ದುಡ್ಡಾ?” ಎಂದು ಶಿವಮೂರ್ತಪ್ಪ ನಕ್ಕರು. ವಕೀಲರೂ ನಕ್ಕರು.

ಈಗ ಅವಳೇ ಹೇಳಬೇಕಾಯಿತು. “ಮಾಡಿಟ್ಟ ಅಡುಗೆ ಇದ್ದಂಗೆ ಮಾವ. ಒಂದ್ಸಲ ಬೇಯಿಸಿಟ್ರೆ ಯಾವಾಗ ಬೇಕಾದ್ರೂ ಬಡಿಸ್ಬಹುದು. ಹೊಗೆ ಅದೇ ಇರುತ್ತೆ. ಶುರುವಾಗೋ ಗಳಿಗೆ ಮಾತ್ರ ಜರುಗುತ್ತೆ.”

“ನೋಡು ಮತ್ತೆ!” ಎಂದರು ಜಂಬುಲಿಂಗಪ್ಪ. “ನಾವು ಏನನ್ನೂ ಬದಲಾಯಿಸ್ತಿಲ್ಲಮ್ಮ. ಹೊಗೆ ನಿನ್ನ ಲೆಕ್ಕದ್ದೇ. ಗೋದಾಮು ಅದೇ. ಹೆಣ್ಣುಮಗಳು ಅದೇ. ಕಾವಲಿನೋನು ಏನು ಹೇಳಿಕೆ ಕೊಟ್ಟವ್ನೆ? ಬೆಂಕಿ ಕಂಡ ತಕ್ಷಣ ಗಂಟೆ ಹೊಡ್ದೆ, ಬಾಗ್ಲು ತೆಗ್ದೆ, ಆಮೇಲೆ ಹೊಗೆ ಬಂತು ಅಂತ. ಅವನ ಮಾತಿಗೆ ತಾಳೆ ಆಗ್ಬೇಕು, ಅಷ್ಟೇ.”

“ಚಿಕ್ಕಕ್ಕ ಬ್ಯಾರೆ ಥರ…” ಎಂದಳು ತ್ರಿವೇಣಿ.

“ಚಿಕ್ಕಕ್ಕ ಹೊರಗಿದ್ದೋಳು. ಹೆದರಿದ್ಲು. ಹೆದರಿದೋರಿಗೆ ಯಾವುದು ಮೊದ್ಲು ಯಾವುದು ಆಮೇಲೆ ಗೊತ್ತಾಗುತ್ತಾ?” ಶಿವಮೂರ್ತಪ್ಪ ಅವಳ ತಟ್ಟೆಯ ಕಡೆ ನೋಡಿ ಒಳಗಿದ್ದ ಹೆಂಡತಿಯನ್ನು ಕೂಗಿದರು: “ಏ ಕಮಲಾಕ್ಷೀ, ಸೊಸೆ ತಟ್ಟೆ ಖಾಲಿ ಐತಲ್ಲೇ, ಇನ್ನೊಂದು ಹೋಳಿಗೆ ಹಾಕು.” ಹೋಳಿಗೆ ಬಂತು, ಮೇಲೆ ತುಪ್ಪ ಬಂತು. ಬೇಡವೆನ್ನಲು ಎತ್ತಿದ ಕೈ ಮೇಲೇ ತುಪ್ಪ ಬಿತ್ತು. ಎಲ್ಲರೂ ನೋಡುತ್ತಿದ್ದರು. ಅವಳು ತಿಂದಳು.

ಸ್ಟುಡಿಯೋಗೆ ಮರಳಿ ಕೂತಾಗ ಪರದೆಯ ಮೇಲೆ ಒಂದು ಸಣ್ಣ ಚೌಕ. ಅದರಲ್ಲಿ ಸೊನ್ನೆ ಇತ್ತು. ಸೊನ್ನೆಯನ್ನು ಅಳಿಸಿ ಬೇರೊಂದು ಅಂಕೆ ಹೊಡೆದಳು, ಪರದೆಯ ಕೆಳಗಿದ್ದ ಹಸಿರು ಪಟ್ಟಿ ಬಲಕ್ಕೆ ಜರುಗಿ ನಿಂತಿತು. ಅಷ್ಟೇ. ಯಂತ್ರ ಗುರ್ರೆನ್ನಲಿಲ್ಲ, ಕಾಯಿಸಲಿಲ್ಲ. ಏನಾದರೂ ತಡೆ ಬರಬಹುದೆಂದು, ಕರೆಂಟಾದರೂ ಹೋಗಬಹುದೆಂದು, ಅವಳು ಒಳಗೊಳಗೇ ನೆಚ್ಚಿಕೊಂಡಿದ್ದಳೆಂದು ಆಗ ತಿಳಿಯಿತು. ದಾವಣಗೆರೆಯ ಮೇಷ್ಟರು ಹೇಳುತ್ತಿದ್ದರು: ಜರುಗಿಸಿದ ಮೇಲೆ ಮೊದಲಿಂದ ಕೊನೆವರೆಗೆ ಒಮ್ಮೆ ನೋಡಬೇಕು, ಉಳಿದ ಚಲನೆಗಳು ಹೊಗೆಯ ಜೊತೆ ಜರುಗುವುದಿಲ್ಲ, ಅವು ಇದ್ದಲ್ಲೇ ಇರುತ್ತವೆ. ಅವಳಿಗೆ ನೋಡಲಾಗಲಿಲ್ಲ. ಚಿತ್ರ ತಯಾರಾಗುವ ಹೊತ್ತಿಗೆ ಮನೆಗೆ ಹೋಗಿ ಬಟ್ಟೆ ನೆನೆಸಿದಳು. ಒಗೆಯುವ ಕಲ್ಲಿನ ಮೇಲೆ ಸೋಪಿನ ನೊರೆ ಮಗುಚಿಕೊಂಡು ಇಳಿಯುವುದನ್ನು ನೋಡುತ್ತಾ ನಿಂತಳು. ಸಂಜೆ ಮಲ್ಲಿಕ್ ಸರಸರನೆ ಓಡಿಸಿ ನೋಡಿ, “ಸರಿ ಐತೆ, ಹೊಗೆ ಆಮೇಲೇ ಬರುತ್ತೆ” ಎಂದು ಸಿಡಿಯನ್ನು ಕವರಿಗೆ ಹಾಕಿಕೊಂಡ.

ತೋರಿಸಿದ್ದು ಪ್ರವಾಸಿ ಮಂದಿರದ ಹಾಲಿನಲ್ಲಿ. ಮದುವೆಮನೆಗಳಲ್ಲಿ ಹಾಕುವ ಪರದೆಯನ್ನೇ ಮಲ್ಲಿಕ್ ಕಟ್ಟಿದ್ದ; ಅದರ ಅಂಚಿಗೆ ಯಾರದೋ ಮದುವೆಯ ಜರಿಕಾಗದ ಇನ್ನೂ ಅಂಟಿಕೊಂಡಿತ್ತು. ಕಿಟಕಿಗಳನ್ನು ಮುಚ್ಚಿದ್ದರಿಂದ ಒಳಗೆ ಧಗೆ. ಶಿವಮೂರ್ತಪ್ಪ ಅವಳನ್ನು ಅಧಿಕಾರಿಗೆ ಪರಿಚಯಿಸಿದರು: “ನಮ್ಮ ಸೊಸೆ ಸಾರ್. ಬೆಂಕಿ ಇಲ್ದೇ ಹೊಗೆ ಎಬ್ಬಿಸ್ತಾಳೆ.” ಜನ ನಕ್ಕರು. ಅಧಿಕಾರಿ ನಗಲಿಲ್ಲ. ಒಳ್ಳೆಯ ಮನುಷ್ಯನಂತೆ ಕಂಡರು, ಅದೇ ಅವಳಿಗೆ ಕಷ್ಟವಾಯಿತು. “ಇದು ಸುಮ್ನೆ ಬರೆದ ಚಿತ್ರ ಅಲ್ಲ ತಾನೇ? ಲೆಕ್ಕದ ಪ್ರಕಾರ ಬಂದದ್ದಾ?” ಎಂದು ಕೇಳಿದರು. “ಹೌದು ಸಾರ್. ಹೊಗೆ ಲೆಕ್ಕದ ಪ್ರಕಾರವೇ ಬಂದಿರೋದು” ಎಂದಳು. ಆ ವಾಕ್ಯದಲ್ಲಿ ಒಂದು ಪದವೂ ಸುಳ್ಳಾಗಿರಲಿಲ್ಲ. ಹೇಳಿ ಮುಗಿಸಿದ ಮೇಲೆ ಅವಳು ಆ ವಾಕ್ಯವನ್ನು ಒಳಗೇ ಮತ್ತೆ ಮತ್ತೆ ತಿರುಗಿಸಿ ನೋಡಿದಳು. ಎಲ್ಲ ಕಡೆಯಿಂದಲೂ ಸರಿಯಾಗಿತ್ತು. ಹಿಂದಿನ ಸಾಲಿನಲ್ಲಿ ಬಿಳಿ ಅಂಗಿಯ ಒಬ್ಬ ಸಣಕಲು ಗಂಡಸು ಕುರ್ಚಿಯ ತುದಿಯಲ್ಲಿ ಕೂತಿದ್ದ. ಅವನೇ ರೇಣುಕಮ್ಮನ ಗಂಡ ಹನುಮಣ್ಣ ಎಂದು ಮಲ್ಲಿಕ್ ಕಿವಿಯಲ್ಲಿ ಹೇಳಿದ. ಪಕ್ಕದಲ್ಲಿ ಚಿಕ್ಕಕ್ಕ ಇದ್ದಳು, ತ್ರಿವೇಣಿಯ ಕಡೆ ನೋಡಲಿಲ್ಲ.

ದೀಪ ಆರಿತು. ಗೋದಾಮು ಕಾಣಿಸಿತು, ಚೀಲಗಳ ನಡುವೆ ಗೊಂಬೆ ಕಾಣಿಸಿತು. ಗಾಳಿ ಸ್ವಚ್ಛವಾಗಿತ್ತು. ಆ ಸ್ವಚ್ಛವಾದ ಗಾಳಿಯಲ್ಲಿ ಗೊಂಬೆ ಬಲಗೈ ಎತ್ತಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಿತು. ಹೊಗೆ ಜರುಗಿತ್ತು, ಕೈ ಜರುಗಿರಲಿಲ್ಲ. ಗೊಂಬೆ ಕುಸಿದು ಕುಳಿತಿತು. ಹೊಗೆಯಿಲ್ಲ, ಬೆಂಕಿಯಿಲ್ಲ, ಒಬ್ಬ ಹೆಂಗಸು ಚೀಲಗಳ ನಡುವೆ ಕೂತು ಬಾಯಿಗೆ ಸೆರಗಿಟ್ಟುಕೊಂಡು ಭುಜ ಅಲುಗಿಸುತ್ತಿದ್ದಳು. ಗಂಟೆ ಹೊಡೆಯಿತು. ಬಾಗಿಲು ತೆರೆಯಿತು, ಹೊರಗಿನ ಬೆಳಕು ನೆಲದುದ್ದಕ್ಕೂ ಚಾಚಿ ಅವಳ ಪಾದದವರೆಗೆ ಬಂತು. ಆ ಬೆಳಕನ್ನು ತ್ರಿವೇಣಿಯೇ ಅಷ್ಟು ಮುತುವರ್ಜಿಯಿಂದ ಮಾಡಿದ್ದಳು. ಹೆಂಗಸು ಏಳಲಿಲ್ಲ. ಆಮೇಲೆ, ಬಹಳ ಹೊತ್ತಿನ ಮೇಲೆ ಎನ್ನಿಸುವಂತೆ, ಚಾವಣಿಯ ಮೂಲೆಯಿಂದ ಆ ಸುಂದರವಾದ ಹೊಗೆ ಹೊರಟಿತು. ಈಗ ಯಾರಾದರೂ ಕೇಳುತ್ತಾರೆ, ಹೊಗೆ ಬರುವ ಮುಂಚೆ ಇವಳು ಯಾಕೆ ಬಾಯಿ ಮುಚ್ಚಿಕೊಂಡಳು ಎಂದು ಖಂಡಿತ ಕೇಳುತ್ತಾರೆ ಎಂದು ತ್ರಿವೇಣಿ ಕಾದಳು. ಕೇಳಲಿ ಎಂದುಕೊಂಡಳೋ ಕೇಳದಿರಲಿ ಎಂದುಕೊಂಡಳೋ ಅವಳಿಗೇ ಗೊತ್ತಾಗಲಿಲ್ಲ. ಅಧಿಕಾರಿ, “ಬಾಗಿಲು ತೆಗೆದ ಮೇಲೂ ಆಕೆ ಯಾಕೆ ಹೊರಗೆ ಬರಲಿಲ್ಲ?” ಎಂದರು. “ಅದನ್ನೇ ಸಾರ್ ನಾವೂ ಕೇಳ್ತಿರೋದು” ಎಂದರು ಜಂಬುಲಿಂಗಪ್ಪ, ಮೆಲ್ಲಗೆ, ದುಃಖದ ದನಿಯಲ್ಲಿ.

ಹೊರಗಿನ ಬೇವಿನ ಮರದ ಕೆಳಗೆ ಅವಳು ಮಲ್ಲಿಕ್‌ಗಾಗಿ ಕಾಯುತ್ತಿದ್ದಾಗ ಹನುಮಣ್ಣ ಬಂದ. ಬಯ್ಯುತ್ತಾನೆಂದು ಅವಳು ಗಟ್ಟಿಯಾಗಿ ನಿಂತಳು. ಅವನು ಕೈ ಮುಗಿದ.

“ನೀವೇ ಅಲ್ಲೇನಮ್ಮ ಮಾಡಿದ್ದು? ಅವಳು ಅಳ್ತಿದ್ಲಲ್ಲ.”

“ಏನು?”

“ಹೊಗೆ ಬರಾಕೆ ಮುಂಚೇನೇ ಅಳ್ತಿದ್ಲು. ಸೆರಗು ಬಾಯಿಗೆ ಇಟ್ಕಂಡು. ಅವಳು ಹಂಗೇ ಕಣಮ್ಮ ಅಳೋದು, ಸದ್ದು ಬರಂಗಿಲ್ಲ. ನಿಮಗೆ ಹೆಂಗೆ ಗೊತ್ತಾಯ್ತು?” ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಒಂದು ಭಯಂಕರವಾದ ಮೆಚ್ಚುಗೆಯಿತ್ತು. “ಅವತ್ತು ಬೆಳಿಗ್ಗೆ ಬಸ್ಟಾಂಡ್‌ನಾಗೆ ಎಲ್ರ ಮುಂದೆ ಬೈದಿದ್ದೆ. ಮಗ್ಗದ ಮನೆ ಬಿಟ್ಟು ಮಿಲ್ಲಿಗೆ ಯಾಕೆ ಹೋಗ್ತೀಯ, ಹೋದ್ರೆ ತಿರುಗಿ ಬರಬ್ಯಾಡ ಅಂದಿದ್ದೆ. ಬಾಗ್ಲು ತೆಗದ್ರೂ ಏಳ್ಲಿಲ್ಲ ನೋಡ್ರಿ. ತಿರುಗಿ ಬರಬಾರ್ದು ಅಂತಾನೇ ಕುಂತ್ಲು.”

ಇಲ್ಲ ಎನ್ನಲು ಅವಳು ಒಂದು ಹೆಜ್ಜೆ ಮುಂದಿಟ್ಟಳು. ಮಲ್ಲಿಕ್ ಬೈಕು ತಂದು ನಿಲ್ಲಿಸಿ ಹಾರನ್ ಮಾಡಿದ. ಅವಳು ಹೋಗಿ ಹಿಂದೆ ಕುಳಿತಳು.

ಆಮೇಲಿನ ದಿನಗಳು ಎಂದಿನಂತೆಯೇ ಇದ್ದವು. ಒಂದು ಮದುವೆಗೆ ಕಮಲದ ಹೂ ಅರಳಿಸಿದಳು. ತನಿಖೆ ತಮ್ಮ ಕಡೆಗೇ ಆಗುವ ಹಾಗಿದೆ, ವರದಿ ಬರೆಯುವುದೊಂದೇ ಬಾಕಿ ಎಂದು ದೊಡ್ಡಮನೆಯಲ್ಲಿ ಮಾತು. ಒಲೆಯ ಮೇಲೆ ಒಗ್ಗರಣೆ ಸೀದು ಹೊಗೆಯೆದ್ದರೆ ಅವಳು ಸೌಟು ಹಿಡಿದುಕೊಂಡು, ಅದು ಚಾವಣಿಗೆ ಮುಟ್ಟುವವರೆಗೂ ಕಣ್ಣೆತ್ತಿ ನೋಡುತ್ತಿದ್ದಳು. “ಏನೇ ಆಯ್ತು ನಿನಗೆ?” ಎಂದು ಮಲ್ಲಿಕ್ ಗ್ಯಾಸ್ ಆರಿಸುತ್ತಿದ್ದ. ಅವನು ಕೆಟ್ಟವನಲ್ಲ. ದೊಡ್ಡಪ್ಪನ ಮುಂದೆ ಕೂತರೆ ಅವನ ಬೆನ್ನು ತಾನಾಗಿ ಬಾಗುತ್ತಿತ್ತು, ಅಷ್ಟೆ. ತನ್ನ ಬೆನ್ನೂ ಹೋಳಿಗೆಯ ಮುಂದೆ ಬಾಗಿರಲಿಲ್ಲವೇ. ಒಂದು ದಿನ ಸಂತೆಯಲ್ಲಿ ಚಿಕ್ಕಕ್ಕ ಎದುರಾದಳು. ಮುಖ ತಿರುಗಿಸಿ ಹೋಗುವಳೆಂದುಕೊಂಡರೆ ನಿಂತಳು. “ಹನುಮಣ್ಣ ಮಗ್ಗದ ಮೇಲೆ ಕುಂದ್ರಾದು ಬಿಟ್ಟವ್ನಂತೆ. ಊಟ ಬಿಟ್ಟವ್ನಂತೆ. ಬಾಗ್ಲು ತೆಗದಿದ್ರೂ ಅವಳು ಬರಲಿಲ್ಲ, ಬರಲಿಲ್ಲ ಅಂತ ಅದೊಂದೇ ಮಾತಂತೆ. ನೀನು ಕೊಂದದ್ದು ಒಂದಲ್ಲ, ಎರಡು ಜೀವ ತಾಯೀ” ಎಂದು ಹೇಳಿ, ಈರುಳ್ಳಿ ಆರಿಸುವುದಕ್ಕೆ ಬಗ್ಗಿದಳು.

ಮಾರನೆಯ ಬೆಳಿಗ್ಗೆ ತ್ರಿವೇಣಿ ಯಾರಿಗೂ ಹೇಳದೆ ಮೊಳಕಾಲ್ಮೂರಿನ ಬಸ್ಸು ಹತ್ತಿದಳು. ತಳಕು ದಾಟಿದ ಮೇಲೆ ಹೊಲಗಳು ಬರಿದಾಗಿ ಬಂಡೆಗಳು ಹತ್ತಿರವಾದವು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿದಳು. ಜೋಡಿಸಿದ್ದೆಲ್ಲ ವಕೀಲರ ಮಾತಿನಂತೆ ನುಣ್ಣಗಿತ್ತು. ಕೇಳಿಕೊಂಡು ಹೋದ ಓಣಿಯಲ್ಲಿ ಎಲ್ಲ ಮನೆಗಳಿಂದಲೂ ಮಗ್ಗದ ಸದ್ದು ಬರುತ್ತಿತ್ತು, ಒಂದು ಮನೆಯಿಂದ ಬರುತ್ತಿರಲಿಲ್ಲ. ಹನುಮಣ್ಣನ ತಾಯಿ ಸೂರಮ್ಮ ಚಾಪೆ ಹಾಸಿ ನೀರು ಕೊಟ್ಟಳು. ಹನುಮಣ್ಣ ಗೋಡೆಗೆ ಒರಗಿ ಕೂತಿದ್ದ. ಗಡ್ಡ ಬೆಳೆದಿತ್ತು. ಮಗ್ಗದಲ್ಲಿ ಅರ್ಧ ನೇಯ್ದ ಕೆಂಪು ಸೀರೆಯ ಮೇಲೆ ಹಳೆಯ ಪಂಚೆ ಹೊದಿಸಿತ್ತು.

“ನಾನು ತೋರಿಸಿದ್ದು ಸುಳ್ಳು” ಎಂದಳು ತ್ರಿವೇಣಿ. ಜೋಡಿಸಿದ್ದೆಲ್ಲ ಮರೆತುಹೋಗಿತ್ತು. “ಹೊಗೆ ಮೊದ್ಲೇ ಬಂದಿತ್ತು. ಬಾಗ್ಲಿಗೆ ಹೊರಗಡೆಯಿಂದ ಚಿಲಕ ಇತ್ತು. ಆಕೆ ಅಳ್ತಿರ್ಲಿಲ್ಲ, ಉಸಿರು ಕಟ್ಟಿ ಕೆಮ್ತಿದ್ಲು. ಬಾಗ್ಲು ಬಡಿದವ್ಳೆ. ನಾನು ಹೊಗೇನ ಮಾತ್ರ ತಡವಾಗಿ ಬರೋ ಹಂಗೆ ಜರುಗಿಸಿದೆ.”

ಹನುಮಣ್ಣ ಮಗುವಿಗೆ ಹೇಳುವಂತೆ, “ಸಮಾಧಾನ ಮಾಡಾಕೆ ಅಷ್ಟು ದೂರದಿಂದ ಬಂದ್ರಲ್ಲಮ್ಮ. ನಿಮ್ಮ ಹೊಟ್ಟೆ ತಣ್ಣಗಿರ್ಲಿ. ಆದ್ರೆ ನಾನು ಕಣ್ಣಾರೆ ನೋಡೀನಿ” ಎಂದ.

“ನನ್ನ ಜೊತೆ ಬರ್ರಿ. ಮೊದ್ಲು ಹೆಂಗಿತ್ತೋ ಹಂಗೇ ತೋರಿಸ್ತೀನಿ. ಅದೂ ಐತೆ, ಒಂದು ಅಂಕೆ ಬದಲಾಯಿಸಿದ್ರೆ ಸಾಕು.”

“ಮೊನ್ನೆ ಒಂದು ಅಂಕೆ, ಇವತ್ತು ಒಂದು ಅಂಕೆ.” ಅವನು ಕಣ್ಣು ಮುಚ್ಚಿಕೊಂಡ. “ಅದು ಸುಳ್ಳಾದ್ರೆ ಇದು ನಿಜ ಅಂತ ನಾನು ಹೆಂಗೆ ನಂಬ್ಲಿ? ನೀವು ಅವಳ್ನ ಹೆಂಗೆ ಬೇಕಾದ್ರೂ ಸಾಯಿಸ್ತೀರಿ.”

ಅವಳಿಗೆ ಎದ್ದು ಹೋಗಿಬಿಡಬೇಕೆನ್ನಿಸಿತು. ಹೇಳಬೇಕಾದ್ದನ್ನು ಹೇಳಿಯಾಯಿತು, ಅವನು ನಂಬಲಿಲ್ಲ, ಇನ್ನು ತನ್ನದೇನಿದೆ. ಆ ಯೋಚನೆಯ ಜೊತೆಗೇ ಒಂದು ಹಗುರವಾದ, ಹೊಲಸಾದ ನೆಮ್ಮದಿ ಒಳಗೆ ಇಳಿಯತೊಡಗಿತು. ಅದರ ರುಚಿ ಅವಳಿಗೆ ಪರಿಚಯವಿತ್ತು. “ತೋರಿಸೋದು ಬ್ಯಾಡ” ಎಂದಳು. “ದುರ್ಗಕ್ಕೆ ಹೋಗಿ ಸಾಹೇಬ್ರ ಮುಂದೆ ನಾನೇ ಬಾಯಿಬಿಟ್ಟು ಹೇಳ್ತೀನಿ. ಯಾರು ಮಾಡು ಅಂದ್ರು, ಯಾಕೆ ಅಂದ್ರು, ಎಲ್ಲಾ. ನನ್ನ ಮನೆಯೋರ ಮೇಲೆ ನಾನು ಸುಳ್ಳು ಹೇಳ್ತೀನಾ? ನೀವು ಪಕ್ಕದಾಗೆ ಕುಂತು ಕೇಳ್ರಿ, ಸಾಕು.”

ಮೂಲೆಯಲ್ಲಿದ್ದ ಸೂರಮ್ಮ ಮುಂದೆ ಬಂದಳು. “ಪೋರಾ, ಆಯಮ್ಮತೋ ಪೋ” ಎಂದಳು ತೆಲುಗಿನಲ್ಲಿ ಮಗನಿಗೆ, ಹೋಗೋ, ಆಕೆಯ ಜೊತೆ ಹೋಗು ಎಂದು. ಎದ್ದು ಗೂಟದಿಂದ ಬಿಳಿ ಅಂಗಿ ತೆಗೆದು ಅವನ ತೊಡೆಯ ಮೇಲೆ ಹಾಕಿದಳು.

ಬಸ್ಸಿನಲ್ಲಿ ಕೂತ ಮೇಲೆ ಮಲ್ಲಿಕ್‌ನ ಫೋನು ಬಂತು. “ಎಲ್ಲಿದೀಯೇ?” “ಮೊಳಕಾಲ್ಮೂರಿನಾಗೆ. ಹನುಮಣ್ಣನ್ನ ಕರ್ಕಂಡು ದುರ್ಗಕ್ಕೆ ಹೋಗ್ತಿದೀನಿ” ಎಂದಳು. ಸುಳ್ಳು ಹೇಳುವ ಶಕ್ತಿ ಉಳಿದಿರಲಿಲ್ಲ. ಅವನ ಹಿಂದೆ ಯಾರದೋ ಕೆಮ್ಮು ಕೇಳಿಸಿ ಫೋನು ಕಟ್ಟಾಯಿತು. ಶಿವಮೂರ್ತಪ್ಪ ಮಾತಾಡುವ ಮುಂಚೆ ಹಾಗೆ ಕೆಮ್ಮುತ್ತಿದ್ದರು. ಪಕ್ಕದಲ್ಲಿ ಹನುಮಣ್ಣ ಮೊಣಕಾಲ ಮೇಲೆ ಕೈಯಿಟ್ಟು ಕೂತಿದ್ದ, ಹಾನಗಲ್ ದಾಟಿದ ಮೇಲೆ ತಾನಾಗಿ ಕೇಳಿದ, “ಬಾಗ್ಲು ಬಡಿದ್ಲು ಅಂದ್ರಲ್ಲ, ನಿಜಾನಾ?” “ನಿಜ. ಚಿಕ್ಕಕ್ಕ ಕೇಳಿಸ್ಕಂಡವ್ಳೆ.” “ಹಂಗಾದ್ರೆ ಬರಬೇಕು ಅಂತ ಇತ್ತು ಅವಳಿಗೆ” ಎಂದ ಅವನು, ಕಿಟಕಿಯ ಕಡೆ ತಿರುಗಿ. ನಂಬುತ್ತಿದ್ದಾನೆ ಎಂದು ಅವಳಿಗೆ ಅನ್ನಿಸಿತು. ತಳಕಿನಲ್ಲಿ ಬಸ್ಸು ನಿಂತಾಗ ಅವನು ಕಡಲೆಪುರಿ ಕೊಂಡು, ಒಂದು ಹಿಡಿ ಬಾಯಿಗೆ ಹಾಕಿಕೊಂಡು, ಪೊಟ್ಟಣವನ್ನು ಅವಳ ಕಡೆಗೂ ಚಾಚಿದ.

ಚಳ್ಳಕೆರೆ ಬಸ್‌ಸ್ಟ್ಯಾಂಡಿನಲ್ಲಿ ಮಲ್ಲಿಕ್ ನಿಂತಿದ್ದ. ಹಿಂದೆ ಹೋಟೆಲಿನ ನೆರಳಲ್ಲಿ ದೊಡ್ಡಪ್ಪನ ಬಿಳಿ ಕಾರು, ಗಾಜು ಇಳಿಸಿತ್ತು. ಮಲ್ಲಿಕ್ ಕಿಟಕಿಯ ಹತ್ತಿರ ಬಂದ. ಅವಳ ಕಡೆ ನೋಡಲಿಲ್ಲ. “ಹನುಮಣ್ಣಾ, ಬಾರಪ್ಪಾ ಕೆಳಗೆ. ದೊಡ್ಡಪ್ಪ ಬಂದವ್ರೆ, ನಿನ್ನ ಜೊತೆ ಮಾತಾಡ್ಬೇಕಂತೆ” ಎಂದ. ಎಷ್ಟು ಮೃದುವಾದ ದನಿ. ಮನೆಯಲ್ಲಿ ಅವಳನ್ನು ಊಟಕ್ಕೆ ಕರೆಯುವ ದನಿ.

“ಹನುಮಣ್ಣಾ, ಕುಂದ್ರಿ” ಎಂದಳು ತ್ರಿವೇಣಿ.

ಅವನು ಅವಳನ್ನು ನೋಡಿದ, ಕಾರನ್ನು ನೋಡಿದ. ಪೊಟ್ಟಣವನ್ನು ಮಡಿಸಿ ಸೀಟಿನ ಮೇಲಿಟ್ಟ. “ದೊಡ್ಡೋರು ಕರೀತವ್ರೆ ಕಣಮ್ಮ” ಎಂದ, ಕ್ಷಮೆ ಕೇಳುವವನಂತೆ, ಮತ್ತು ಎದ್ದ. ಅವನು ಇಳಿದು ಕಾರಿನ ಕಡೆ ನಡೆಯುವಾಗ ಬೆನ್ನು ಒಂದೊಂದು ಹೆಜ್ಜೆಗೂ ಬಾಗುತ್ತಾ ಹೋಯಿತು, ಕೈಗಳು ತಾವಾಗಿ ಜೋಡಿಕೊಂಡವು. ಕಾರಿನೊಳಗಿಂದ ಒಂದು ಕೈ ಹೊರಬಂದು ಅವನ ಭುಜದ ಮೇಲೆ ಕೂತಿತು. ಅವನು ತಿರುಗಿ ನೋಡಲಿಲ್ಲ.

“ಈಗ ನೀನೂ ಇಳಿ” ಎಂದ ಮಲ್ಲಿಕ್. “ತ್ರಿವೇಣಿ, ಜನ ನೋಡ್ತಾವ್ರೆ. ಇಳಿ. ಇವತ್ತು ನೀನು ದುರ್ಗಕ್ಕೆ ಹೋದ್ರೆ…” ಅವನ ದನಿ ಒಡೆಯಿತು. ಮಳಿಗೆ, ಮನೆ, ಅವನು, ಎಲ್ಲವೂ ಆ ಅರ್ಧ ವಾಕ್ಯದಲ್ಲಿದ್ದವು. ಅವಳು ಮುಂದಿನ ಸೀಟಿನ ಕಂಬಿಯನ್ನು ಹಿಡಿದುಕೊಂಡಳು. ಧೈರ್ಯದಿಂದ ಕೂತಿದ್ದೇನೆಯೋ ಏಳಲಾಗದೆ ಕೂತಿದ್ದೇನೆಯೋ ಎಂದು ಅವಳಿಗೆ ಸ್ಪಷ್ಟವಾಗಲಿಲ್ಲ. ಕಂಡಕ್ಟರ್ ಸೀಟಿ ಊದಿದ. ಬಸ್ಸು ಹಿಂದಕ್ಕೆ ಸರಿದು ತಿರುಗಿಕೊಂಡಾಗ ಮಲ್ಲಿಕ್ ಕೆಲವು ಹೆಜ್ಜೆ ಜೊತೆಗೇ ನಡೆದ, ಕಿಟಕಿಯ ಅಂಚನ್ನು ಹಿಡಿದು, ಆಮೇಲೆ ಬಿಟ್ಟ.

ಊರು ದಾಟಿದ ಮೇಲೆ ಕಂಡಕ್ಟರ್ ಹತ್ತಿರ ಬಂದು ನಿಂತ. “ನಿಮ್ಮ ಜೊತೆ ಇದ್ದೋರು ದುರ್ಗಕ್ಕೆ ಟಿಕೆಟ್ ತಗಂಡಿದ್ರಲ್ಲಕ್ಕ, ಎಲ್ಲಿ?”

“ಇಳಿದ್ರು.”

“ನೀವು?”

ಮೊದಲ ಸಲ ಹೇಳಿದಾಗ ದನಿ ಹೊರಡಲಿಲ್ಲ. ಅವನು ಬಗ್ಗಿ ಕಿವಿಗೊಟ್ಟ. “ದುರ್ಗಕ್ಕೇ” ಎಂದಳು, ಈ ಸಲ ಅಕ್ಕಪಕ್ಕದವರು ತಿರುಗಿ ನೋಡುವಷ್ಟು ಗಟ್ಟಿಯಾಗಿ.